ಹಿಂಡಿ ಚೀಲದ ಗಂಟು

ದಸ್ತಗೀರಸಾಬರು ಆಕಳ ಕಣ್ಣಿನ ಕೆಳರೆಪ್ಪೆಯನ್ನು ಹೆಬ್ಬೆರಳಿನಿಂದ ಇಳಿಸಿ ನೋಡಿದರು. ಕೆಂಪಗಿರಬೇಕಾದ ಒಳಭಾಗಕ್ಕೆ ಅರಿಸಿನದ ನೀರು ಬಳಿದ ಹಾಗಿತ್ತು.

"ಮೂರು ದಿನ ಆತ್ರಿ, ಮೇವು ಮುಟ್ಟಿಲ್ಲ. ಬರೇ ಜೊಲ್ಲು ಸುರಿಸಾಕತ್ತೇತಿ. ಗಬ್ಬದ ಆಕಳ ಬ್ಯಾರೆ," ಎಂದ ಸೋಮನಿಂಗ.

ಸಾಬರು ಬಾಗೇವಾಡಿಯ ದನದ ದವಾಖಾನೆಯ ಕಂಪೌಂಡರ. ಮಳೆಯಲ್ಲಿ ಸೈಕಲ್ ತುಳಿದು ಮುಳವಾಡದ ತನಕ ಬಂದಿದ್ದರು. "ಏನು ತಿನಿಸೀರಿ?"

"ಜ್ವಾಳದ ಕಣಿಕಿ, ಹೊಲದಾಗಿನ ಹುಲ್ಲು. ಮತ್ತೇನಿಲ್ರಿ."

ಸಾಬರು ಗೋದಲಿಯ ಮೂಲೆಯಲ್ಲಿ ಬೆರಳಾಡಿಸಿ ಒಂದು ಚೂರು ತೆಗೆದು ಮೂಸಿದರು. "ಇದು ಕಣಿಕಿ ಏನೋ ತಮ್ಮಾ? ಶೇಂಗಾ ಹಿಂಡಿ. ಬೂಷ್ಟು ಹಿಡದೈತಿ."

ಸೋಮನಿಂಗ ಹೆಂಡತಿಯ ಕಡೆ ತಿರುಗಿದ. ಸುಂದರವ್ವ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ ನಿಂತಿದ್ದಳು. "ಇಕಿ ತವರಿನ ಚೀಲರಿ. ವರ್ಷಾತು, ಬಾಯಿ ಬಿಚ್ಚಿಲ್ಲ. ಊದಿನಕಡ್ಡಿ ಒಂದು ಹಚ್ಚೂದು ಬಾಕಿ ಐತಿ," ಎಂದ ಸೋಮನಿಂಗ.

ಹೋದ ವರ್ಷ ಪಂಚಮಿ ಮುಗಿಸಿ ಸುಂದರವ್ವ ತವರೂರು ದೇವಣಗಾಂವದಿಂದ ಹೊರಟಾಗ ಅವ್ವ ಆಗಿನ್ನೂ ಮಣಕವಾಗಿದ್ದ ಈ ಆಕಳನ್ನು ಚಕ್ಕಡಿಯ ಹಿಂದೆ ಕಟ್ಟಿಸಿ, ಚೀಲವನ್ನೂ ಹೇರಿಸಿದ್ದಳು. ಪುಂಡಿನಾರಿನ ಹುರಿಯನ್ನು ಚೀಲದ ಬಾಯಿಗೆ ಮೂರು ಸುತ್ತು ಸುತ್ತಿ, ಹಲ್ಲಿನಿಂದ ಜಗ್ಗಿ ಗಂಟು ಹಾಕಿದ್ದಳು. ಮಾನವಮಿಯ ಹೊತ್ತಿಗೆ ಅವ್ವ ತೀರಿಹೋದಳು. ಈ ಪಂಚಮಿಗೆ ಸುಂದರವ್ವ ಎರಡು ದಿನ ಊರಬಾಗಿಲ ಅಗಸೆಯ ಕಡೆ ನೋಡಿದಳು. ತವರಿನಿಂದ ಕರೆಯಲು ಯಾರೂ ಬರಲಿಲ್ಲ.

"ಬಾಯಿ ಬಿಚ್ಚಿಲ್ಲಂದ್ರ ಹಿಂಡಿ ಎಲ್ಲಿಂದ ಬಂತು ತಂಗೀ?"

"ಕೆಳಗಿನ ಮೂಲಿ ಹೊಲಿಗಿ ಬಿಚ್ಚೇನ್ರಿ ಕಾಕಾ. ಮಳಿ ಹಿಡದಾಗಿಂದ ದಿನಾ ಒಂದು ಹಿಡಿ ತಗೀತಿದ್ದೆ. ಪಂಚಮಿ ದಿನ ಮಾತ್ರ ಒಂದು ಬುಟ್ಟಿ ಹಾಕಿದೆ. ಈ ಆಕಳಿಗೂ ಅದs ತವರಲ್ಲೇನ್ರಿ?"

"ವಾಸನಿ ಬರಲಿಲ್ಲೇನು?"

"ಬಂತರಿ." ಆಕೆಯ ದನಿ ಇಳಿಯಿತು. "ನಮ್ಮವ್ವ ನೆಲದಾಗಿನ ಜ್ವಾಳದ ಹಗೇವು ತೆರೆದಾಗ ಹಿಂಗs ನಾರ್ತಿತ್ತು. ಅದs ವಾಸನಿ ಅಂದ್ಕೊಂಡೆ."

ಸೋಮನಿಂಗ ಹಂಗಿಸದೆ ಸಾಬರನ್ನು ಒಳಗೆ ಕರೆದೊಯ್ದ. ಚೀಲ ಪಡಸಾಲೆಯ ಮೂಲೆಯಲ್ಲಿತ್ತು. ಮೇಲೆ ಮಾಳಿಗೆ ಸೋರಿ ಗೋಡೆಯ ಮೇಲೆ ಕರೆ ಇಳಿದಿತ್ತು. ಸಾಬರು ಬಾಯಿ ಬಿಚ್ಚಲು ಹೇಳಿದರು.

"ಒಳಗ ಚಲೋ ಇರ್ತೈತ್ರಿ ಕಾಕಾ. ನಮ್ಮವ್ವ ಕೆಟ್ಟದ್ದು ಕೊಟ್ಟಾಳೇನು?"

"ನಿಮ್ಮವ್ವ ಚಲೋದs ಕೊಟ್ಟಾಳ. ಚಲೋ ಇದ್ದಾಗ ತಿನಿಸಬೇಕಿತ್ತವ್ವ."

ಸೋಮನಿಂಗ ಕುಡಗೋಲು ತಂದ. ಸುಂದರವ್ವ ಅಡ್ಡ ನಿಂತಳು. "ಕೊಯ್ಯಬ್ಯಾಡ್ರಿ. ನಾ ಬಿಚ್ತೇನಿ."

ಉಗುರಿನಿಂದ ಆಗಲಿಲ್ಲ. ಕೊನೆಗೆ ಬಾಗಿ, ಅವ್ವ ಹಲ್ಲು ಊರಿದ್ದಲ್ಲೇ ತಾನೂ ಹಲ್ಲು ಊರಿ ಎಳೆದಳು. ಬಹಳ ಹೊತ್ತು ಹಿಡಿಯಿತು. ಗಂಟು ಸಡಿಲಾಗಿ ಚೀಲ ಬಾಯಿ ತೆರೆದಾಗ ಬೂದಿಯಂಥ ಧೂಳು ಎದ್ದಿತು. ಒಳಗೆಲ್ಲ ಹಸಿರು ಹಸಿರಾಗಿ, ಹಿಂಡಿಗೆ ಕೂದಲು ಬೆಳೆದ ಹಾಗಿತ್ತು.

"ದೂರ ಸರಿ, ಉಸಿರಿಗೆ ತಗೋಬ್ಯಾಡ," ಎಂದು ಸಾಬರು ಆಕೆಯನ್ನು ಹಿಂದೆ ಸರಿಸಿದರು. "ಚೀಲ ಸಮೇತ ಹೂಳ್ರಿ. ಕೋಳಿಗೂ ಬೀಳಬಾರದು. ಈ ವಿಷಕ್ಕ ನನ್ನ ಹಂತೇಲಿ ಸೂಜಿ ಇಲ್ಲ. ಬೆಲ್ಲದ ನೀರು ಕುಡಿಸ್ರಿ, ಹಸಿ ಹುಲ್ಲು ತೋರಸ್ರಿ. ಬಾಯಿ ಹಾಕಿತಂದ್ರ ಉಳೀತು ಅನ್ರಿ."

ಸೋಮನಿಂಗ ಹಿತ್ತಲಲ್ಲಿ ಮೊಳಕಾಲುದ್ದ ತಗ್ಗು ತೋಡಿ ಚೀಲವನ್ನು ಮುಚ್ಚಿದ. ಹೆಂಡತಿಯ ಕೈಯಲ್ಲಿದ್ದ ಹುರಿಯನ್ನು ಮಾತ್ರ ಕೇಳಲಿಲ್ಲ.

ಸಂಜೆ ಸುಂದರವ್ವ ಗೋದಲಿಯ ಹತ್ತಿರ ಕುಳಿತು, ಹುರಿಗೆ ಅದೇ ಗಂಟು ಹಾಕಲು ನೋಡಿದಳು. ಮೂರು ಸುತ್ತಿನ ತನಕ ಬಂತು. ಮುಂದೆ ಅವ್ವ ಹೇಗೆ ತಿರುವಿದ್ದಳೋ ತಿಳಿಯಲಿಲ್ಲ. ಮತ್ತೆ ಬಿಚ್ಚಿ, ಮತ್ತೆ ಸುತ್ತಿದಳು.

ಕೈಯ ಮೇಲೆ ಬಿಸಿಯುಸಿರು ತಾಗಿತು. ಮೂರು ದಿನದಲ್ಲಿ ಮೊದಲ ಸಲ ಆಕಳು ಕತ್ತು ಚಾಚಿತ್ತು. ಮುಂದಿದ್ದ ಹಸಿ ಹುಲ್ಲನ್ನು ಬಿಟ್ಟು, ಬೂಷ್ಟಿನ ಧೂಳು ಅಂಟಿದ್ದ ಹುರಿಯನ್ನು ಮೂಸಿ, ನಾಲಗೆ ಹೊರಹಾಕಿತು.

ಸುಂದರವ್ವ ಸಟ್ಟನೆ ಹುರಿ ಹಿಡಿದ ಕೈಯನ್ನು ಬೆನ್ನ ಹಿಂದೆ ಎಳೆದುಕೊಂಡಳು.