ಎರವಲು ದನಿ

ಮಾತು ಆಡಿದರೆ ಹೋಯ್ತು, ಕಿವಿ ಒಡೆದರೆ ಹೋಯ್ತು. ಗಾದೆ ಹಾಗಿಲ್ಲವೆಂದು ಮೂಗು ಮುರಿಯಬೇಡಿ. ಗಾದೆ ಸುಳ್ಳಾದರೂ ಈ ಕಥೆ ಸುಳ್ಳಲ್ಲ.

ಬಂದರಿನ ಕಾವಲುಗಾರನ ಫೋನನ್ನು ಎರವಲು ಪಡೆದು ಗಿಳಿ ದೋಣಿಮನೆಯ ಹಿಂದೆ ಅಡಗಿ ನಿಂತಿದ್ದ. ತನ್ನ ನಂಬರಾದರೆ ಆಮೆಗೆ ಗುಟ್ಟು ರಟ್ಟಾಗುತ್ತದೆ. ಗಂಟಲು ಸರಿಮಾಡಿಕೊಂಡ. ಆಮೆಯ ಕಿವಿ ನೋಡುತ್ತಿರುವ ಡಾಕ್ಟರು ಕೆಟ್ಟ ಸುದ್ದಿ ಹೇಳುವ ಮುಂಚೆ ಎರಡು ಸಲ ಕೆಮ್ಮುತ್ತಾರೆ. ಆ ಕೆಮ್ಮು ಬಂದರೆ ಡಾಕ್ಟರೇ ಬಂದ ಹಾಗೆ.

ಯಾರ ದನಿಯನ್ನಾದರೂ ಕದಿಯಬಲ್ಲವನಾದ್ದರಿಂದ ಅವನು ಗಿಳಿ. ನೆಲದ ಮೇಲೆ ಕಾಲೆಳೆದು ನಡೆದು, ನೀರಿಗಿಳಿದೊಡನೆ ಚೆಂದವಾಗಿಬಿಡುವ ಅವನ ಗೆಳೆಯ ಆಮೆ. ಇಬ್ಬರೂ ಒಂದೇ ಕೇಂದ್ರದಲ್ಲಿ ಮುಳುಗುಗಾರರ ಕಸುಬು ಕಲಿಯುತ್ತಿದ್ದರು: ಗಾಳಿಯ ಸಿಲಿಂಡರು ಹೊತ್ತು ಇಳಿಯುವುದು, ಹಡಗಿನ ತಳ ತಡವುವುದು, ಕಣ್ಣು ಕಾಣದ ನೀರಿನಲ್ಲಿ ಬೋಲ್ಟು ಬಿಗಿಯುವುದು. ಕೆಲಸ ಜೋಡಿಯಾಗಿಯೇ: ಒಬ್ಬ ಇಳಿದರೆ ಇನ್ನೊಬ್ಬ ಮೇಲೆ ಅವನ ಹಗ್ಗ ಹಿಡಿಯಬೇಕು. ಒಬ್ಬನ ಪ್ರಾಣ ಇನ್ನೊಬ್ಬನ ಜೇಬಿನಲ್ಲಿ.

ಕೆಲವು ತಿಂಗಳ ಹಿಂದೆ ಆಮೆಗೆ ನೆಗಡಿಯಾಗಿತ್ತು. ಅಂಥ ದಿನ ಮೂಗು ಹಿಡಿದು ಗಾಳಿ ಊದಿ ಕಿವಿಯ ಒತ್ತಡ ಬಿಡಿಸಿಕೊಳ್ಳುತ್ತ ನಿಧಾನವಾಗಿ ಇಳಿಯಬೇಕು. ಅವನು ನೀರಿನ ಮೇಲೆ ಹಗ್ಗ ಹಿಡಿದು ತಡಮಾಡುತ್ತಿದ್ದಾಗ ಬೆನ್ನ ಹಿಂದೆ ತರಬೇತುದಾರರ ಗುಡುಗು ಕೇಳಿತು: "ಏನಪ್ಪಾ, ನೀನು ಇಳಿಯೋಷ್ಟರಲ್ಲಿ ಸಮುದ್ರ ಬತ್ತಿಹೋಗುತ್ತೆ." ಆಮೆ ಗಾಬರಿಯಿಂದ ಸರ್ರನೆ ಇಳಿದ. ಮೇಲೆ ಬಂದಾಗ ಎಡಗಿವಿಯಿಂದ ರಕ್ತ.

ತರಬೇತುದಾರರು ಆಗ ಕಚೇರಿಯಲ್ಲಿದ್ದರು. ಗುಡುಗಿದ್ದು ಗಿಳಿ.

ಅಂದಿನಿಂದ ಅವನು ಯಾರ ದನಿಯನ್ನೂ ಮಾಡಲಿಲ್ಲ. ಆಮೆ ಒಂದು ಮಾತೂ ಬೈಯಲಿಲ್ಲ; ಬೈದಿದ್ದರೆ ಎಷ್ಟೋ ಹಿತವಾಗಿತ್ತು. ಕಿವಿಗೆ ಹತ್ತಿ ಇಟ್ಟುಕೊಂಡು ದಿನವೂ ದಂಡೆಗೆ ಬರುತ್ತಿದ್ದ, ಗಿಳಿ ಹಾಕಿದ ಗಂಟು ಬಿಚ್ಚಿ ಸರಿಯಾಗಿ ಹಾಕಿ ತೋರಿಸುತ್ತಿದ್ದ. ಆಸೆಪಟ್ಟು ಕೊಂಡ ಹೊಸ ಮುಳುಗು ಮುಖಗವಸನ್ನು, ಬಳಸದಿದ್ದರೆ ಒಣಗಿ ಬಿರುಕು ಬಿಡುತ್ತದೆಂದು ನೆಪ ಹೇಳಿ ಗಿಳಿಗೇ ಕೊಟ್ಟುಬಿಟ್ಟ. ನಿನ್ನ ಕಿವಿ ಕೂಡದಿದ್ದರೆ ನಾನು ಪರೀಕ್ಷೆಗೆ ಇಳಿಯುವುದಿಲ್ಲ, ಈ ಕಸುಬಿಗೇ ನಮಸ್ಕಾರ ಎಂದು ಗಿಳಿ ಆಣೆಯಿಟ್ಟಿದ್ದ. ಆದರೆ ಕಳೆದ ಸಲ ಡಾಕ್ಟರು, ಮಾಯುತ್ತಿದೆ ಎಂದಿದ್ದರು. ಕೊನೆಯ ತಪಾಸಣೆ ನಾಳೆ ಎಂದು ಆಮೆಯೇ ಹೇಳಿದ್ದ. ಪರೀಕ್ಷೆ ನಾಡಿದ್ದು.

ಈ ದಿನ ಆಮೆ ಕ್ಷೌರದಂಗಡಿಗೆಂದು ಹೊರಟಿದ್ದ. ಹೊರಡುವಾಗ ತಿರುಗಿ ನಿಂತು, "ನೀನು ಬಾಯಿ ಮುಚ್ಕೊಂಡ ಮೇಲೆ ಬಂದರೇ ಮೂಕವಾಗಿದೆ ಕಣೋ. ಯಾರದಾದ್ರೂ ಒಂದು ದನಿ ಮಾಡೋ," ಎಂದಿದ್ದ.

ಗಿಳಿಗೆ ಅಷ್ಟೇ ಸಾಕಾಯಿತು. ಒಂದು ಗಳಿಗೆ ಹೆದರಿಸುವುದು. ಹೆದರಿದವನಿಗೆ ನಾಳೆಯ ಸಿಹಿಸುದ್ದಿ ಇನ್ನೂ ಸಿಹಿ.

ಆಮೆ ಫೋನ್ ಎತ್ತಿದ. ಗಿಳಿ ಎರಡು ಸಲ ಕೆಮ್ಮಿದ.

"ನೋಡಿ, ಸುತ್ತಿ ಬಳಸಿ ಹೇಳಲ್ಲ. ಗಾಯ ಮಾದಿದೆ, ಆದ್ರೆ ಒಳಗಿವಿ ಒತ್ತಡ ತಡೆಯಲ್ಲ. ನಾಳೆ ಬರೋದೂ ಬೇಡ. ನೀರಿನ ಆಸೆ ಬಿಟ್ಬಿಡಿ."

ಆ ಕಡೆ ತಟ್ಟೆಯೊಳಗೆ ಏನೋ ಇಟ್ಟ ಟಣ್ ಸದ್ದು; ಕತ್ತರಿಯಿರಬೇಕು. ಬಳಿಕ ಆಮೆಯ ದನಿ ಡಬ್ಬದೊಳಗಿಂದ ಬಂದಂತೆ ಬಂತು. ಕ್ಷೌರಿಕ ತಲೆ ಬಗ್ಗಿಸಿರಬೇಕು.

"ಎದುರಿಗೇ ಕೂತು ಹೇಳಿದ ಹಾಗಿದೆ ಸರ್." ಆಮೇಲೆ ಕೇಳಿದ: "ಯಾವತ್ತಿಗೂ ಆಗಲ್ವಾ?"

ಆ ಪ್ರಶ್ನೆಯ ತಳ ಎಷ್ಟು ಆಳದಲ್ಲಿತ್ತೆಂದರೆ ಗಿಳಿ ಡಾಕ್ಟರ ದನಿಯನ್ನು ಅಲ್ಲೇ ಬಿಟ್ಟುಬಿಟ್ಟ. "ಲೋ, ನಾನು ಕಣೋ, ಗಿಳಿ. ಸುಮ್ನೆ ತಮಾಷೆಗೆ. ಬೈಯೋ, ಬೈದುಬಿಡೋ."

ಬೈಗುಳ ಬರಲಿಲ್ಲ. ನಗು ಬಂತು. ಗಿಳಿ ಫೋನನ್ನು ಕಿವಿಯಿಂದ ದೂರ ಹಿಡಿಯಬೇಕಾಯಿತು, ಅಂಥ ನಗು. ಅಷ್ಟು ದೊಡ್ಡ ನಗುವಿಗೆ ಅಂಗಡಿಯಲ್ಲಿ ಬೇರೆ ಯಾರೂ ಜತೆಗೂಡಲಿಲ್ಲವಲ್ಲ ಎಂದು ಅವನಿಗೆ ಹೊಳೆಯಲಿಲ್ಲ. ನಕ್ಕನಲ್ಲ, ಅಷ್ಟು ಸಾಕಿತ್ತು.

ಸಂಜೆ ಆಮೆ ಬಂದಾಗ ಕೂದಲು ಇನ್ನೂ ಕಿವಿಯ ಮೇಲೇ ಇಳಿಬಿದ್ದಿತ್ತು. ಅಂಗಡಿಯಲ್ಲಿ ವಿಪರೀತ ಜನ ಎಂದ. ಮರುದಿನ ಒಬ್ಬನೇ ಡಾಕ್ಟರಲ್ಲಿಗೆ ಹೋಗಿಬರುತ್ತೇನೆಂದು ಹೋದ, ನಗುತ್ತಲೇ ಬಂದ. ಕಿವಿ ಕೂಡಿದೆಯಂತೆ, ಅವಸರ ಬೇಡವಂತೆ, ಮುಂದಿನ ತಂಡದ ಜತೆ ಇಳಿದರಾಯಿತಂತೆ.

"ನಾಳೆ ನಿನ್ನ ಹಗ್ಗ ನಾನು ಹಿಡೀತೀನಿ. ಆಣೆ ಗೀಣೆ ಅಂತ ದಂಡೇಲಿ ಕೂತ್ರೆ ನೀರಿಗೆ ನೂಕ್ತೀನಿ ನೋಡು."

ಗಿಳಿ ಇಳಿದ. ಮಸುಕು ನೀರಿನ ತಳದಲ್ಲಿ ಬೋಲ್ಟು ಕೈ ಜಾರಿದಾಗಲೆಲ್ಲ ಮೇಲಿನಿಂದ ಹಗ್ಗ ಒಮ್ಮೆ ಮೆಲ್ಲಗೆ ಜಗ್ಗುತ್ತಿತ್ತು: ಇದ್ದೀಯಾ? ಅವನೂ ಜಗ್ಗಿ ಉತ್ತರಿಸುತ್ತಿದ್ದ: ಇದ್ದೀನಿ. ಪಾಸಾದ.

ಕೆಲಸಕ್ಕೆ ಸೇರುವ ಮುಂಚಿನ ಕಿವಿ ಪರೀಕ್ಷೆಗೆ ಅವನು ಅದೇ ಡಾಕ್ಟರ ಕೋಣೆಗೆ ಹೋದ. ಡಾಕ್ಟರು ಸಲಕರಣೆಯನ್ನು ತಟ್ಟೆಯಲ್ಲಿಟ್ಟರು. ಟಣ್ ಎಂದಿತು. ಗಿಳಿ ಅಂದ್ರೆ ನೀವೇನಾ ಎಂದು ಕೇಳಿದರು. ಗಿಳಿಯ ಮುಳುಗು ಪರೀಕ್ಷೆ ಮುಗಿಯುವ ತನಕ ಹೇಳಬಾರದೆಂದು ಆಮೆ ತಮ್ಮಿಂದ ಭಾಷೆ ತೆಗೆದುಕೊಂಡಿದ್ದನೆಂದರು. ಆಮೇಲೆ ಎರಡು ಸಲ ಕೆಮ್ಮಿದರು.

"ಕೊನೇ ತಪಾಸಣೆ ಅವತ್ತೇ ಇತ್ತು. ನಿಮ್ಮ ಫೋನ್ ಬಂದಾಗ ಆಮೆ ಈ ಕುರ್ಚೀಲೇ ಕೂತಿದ್ರು, ಅದೇ ಮಾತನ್ನ ನಾನು ಆಗಷ್ಟೇ ಹೇಳಿ ಮುಗಿಸಿದ್ದೆ. ಸ್ಪೀಕರ್ ಹಾಕಿ ನನ್ನ ಮುಂದಿಟ್ರು. ಯಾವತ್ತಿಗೂ ಆಗಲ್ವಾ ಅಂತ ಕೇಳಿದ್ದು ನನ್ನನ್ನ, ನಾನು ತಲೆ ಅಲ್ಲಾಡಿಸ್ದೆ. ಆಮೇಲೆ ನಕ್ರು ನೋಡಿ, ಅಷ್ಟು ಜೋರಾಗಿ ನಕ್ಕವರನ್ನ ಈ ಕೋಣೇಲಿ ನಾನು ಕಂಡಿಲ್ಲ."