ಹಳದಿ ಗುರುತಿನ ಮೇಲೆ ನಿಂತವರು

ಸ್ಟ್ರೆಚರ್ ಒಳಗೆ ನುಗ್ಗಿದಾಗ ಹೆಂಗಸಿನ ಮುಖ ಸುಣ್ಣದಂತೆ ಬಿಳಿಚಿಕೊಂಡಿತ್ತು. ವ್ಯಾನು ಗುದ್ದಿದ ಕೇಸು. ಹೊರಗೆ ಸುರಿದ ರಕ್ತಕ್ಕಿಂತ ಹೊಟ್ಟೆಯೊಳಗೆ ಸೋರುತ್ತಿರುವುದೇ ಹೆಚ್ಚು ಎಂದು ಹಿರಿಯ ಸಿಸ್ಟರ್‌ಗೆ ನೋಡಿದ ಕೂಡಲೇ ಗೊತ್ತಾಯಿತು. ಬೇಗ ನಿಲ್ಲಿಸದಿದ್ದರೆ ಈಕೆ ಉಳಿಯುವುದಿಲ್ಲ.

ಅವರು ತಲೆಯೆತ್ತಿ ಹಳದಿ ಗುರುತಿನತ್ತ ನೋಡಿದರು. ಅಲ್ಲಿ ಆಗಲೇ ಒಬ್ಬರು ಕೈಕಟ್ಟಿ ನಿಂತಿದ್ದರು.

ಮಂಚದ ಕಾಲ್ದೆಸೆಯ ನೆಲಕ್ಕೆ ಅಂಟಿಸಿದ ಆ ಹಳದಿ ಪಟ್ಟಿ ಹಳೆಯ ಚೀಫ್ ಮಾಡಿಟ್ಟು ಹೋದ ವ್ಯವಸ್ಥೆ. ಇಂಥ ಕೇಸು ಬಂದಾಗ ತಂಡದ ಮುಖ್ಯಸ್ಥರು ಅಲ್ಲಿ ಕೈಕಟ್ಟಿ ನಿಲ್ಲಬೇಕು. ಏನನ್ನೂ ಮುಟ್ಟಕೂಡದು. ಅಲ್ಲಿಂದ ಬಂದ ಮಾತನ್ನು ಉಳಿದವರು ಮರುಮಾತಿಲ್ಲದೆ ನಡೆಸಬೇಕು. ಹಳೆಯ ಚೀಫ್ ಈಚೆಗೆ ನಿವೃತ್ತರಾಗಿದ್ದರು. ಹೊಸಬರು ಅಂದೇ ಬರುವವರಿದ್ದರು, ಅವರ ಮುಖವನ್ನು ಯಾರೂ ಕಂಡಿರಲಿಲ್ಲ.

ಈಗಲೂ ಕಾಣುವಂತಿರಲಿಲ್ಲ. ಒಳಗೆ ಕಾಲಿಟ್ಟವರಿಗೆಲ್ಲ ಗೌನು, ಟೋಪಿ, ಮಾಸ್ಕು ತೊಡಿಸಿಬಿಡುವುದು ಬಾಗಿಲಿನ ಅಟೆಂಡರನ ಕೆಲಸ. ಯಾರು ಏನೆಂದು ವಿಚಾರಿಸುವ ಹೊತ್ತಲ್ಲ ಅದು. ನಿಂತವರ ಕಾಲಲ್ಲಿ ಸವೆದ ಹವಾಯಿ ಚಪ್ಪಲಿ. ದೊಡ್ಡವರು ಏನು ಮೆಟ್ಟಿದರೂ ನಡೆಯುತ್ತದೆ ಎಂದು ಸಿಸ್ಟರ್ ಮನಸ್ಸಿನಲ್ಲೇ ಮೂಗು ಮುರಿದರು.

ಡ್ಯೂಟಿಯಲ್ಲಿದ್ದ ಕಿರಿಯ ಸರ್ಜನ್‌ಗೆ ಬೆನ್ನ ಹಿಂದಿನ ಹೆಸರು ‘ಒಂದ್ನಿಮಿಷ’. ಕೈ ಚುರುಕು, ತೀರ್ಮಾನ ಮಾತ್ರ ಆಮೆ ನಡಿಗೆ. ಬಿಪಿ ಇಳಿಯುತ್ತಲೇ ಇತ್ತು, ಅವರು ಸಲೈನ್ ಏರಿಸುತ್ತಲೇ ಇದ್ದರು.

“ಬರೀ ನೀರೇ ಹಾಕ್ತಿದ್ದೀರಲ್ಲ,” ಎಂದರು ಹಳದಿ ಗುರುತಿನವರು. “ರಕ್ತ ಇಲ್ವಾ?”

ಸರ್ಜನ್ ಕಿವಿ ಕೆಂಪಗಾಯಿತು. ಸಲೈನ್ ನಿಂತಿತು. ರಕ್ತನಿಧಿಯಿಂದ ಚೀಲಗಳು ಓಡೋಡಿ ಬಂದವು.

“ಅವಳು ನಡುಗ್ತಿದ್ದಾಳೆ.”

ಮೈ ತಣ್ಣಗಾದರೆ ರಕ್ತ ಹೆಪ್ಪುಗಟ್ಟುವುದಿಲ್ಲ ಎಂಬುದು ಆ ಕೋಣೆಯ ಮೊದಲ ಪಾಠ. ಗಡಿಬಿಡಿಯಲ್ಲಿ ಎಲ್ಲರೂ ಮರೆತಿದ್ದರು. ಬಿಸಿಗಾಳಿಯ ಹೊದಿಕೆ ಬಂತು. ಸಿಸ್ಟರ್‌ಗೆ ಮಾತ್ರ ಆ ‘ಅವಳು’ ಹಿಡಿಸಲಿಲ್ಲ. ಗುರುತು ಪರಿಚಯವಿಲ್ಲದ ಹೆಂಗಸರನ್ನು ಏಕವಚನದಲ್ಲಿ ಕರೆಯುವ ಡಾಕ್ಟರುಗಳನ್ನು ಕಂಡರೆ ಅವರಿಗೆ ಮೈ ಉರಿಯುತ್ತಿತ್ತು. ಸಾಲದ್ದಕ್ಕೆ ಈ ಮನುಷ್ಯ ಮಾನಿಟರಿನತ್ತ ಒಮ್ಮೆಯೂ ಕಣ್ಣು ಹಾಯಿಸಿರಲಿಲ್ಲ. ಎಷ್ಟು ಅಹಂಕಾರ ಇರಬೇಕು.

ಅಷ್ಟರಲ್ಲಿ ಸರ್ಜನ್, ಒಂದ್ನಿಮಿಷ, ಸ್ಕ್ಯಾನ್ ಮಾಡಿಸಿಬಿಡೋಣ ಎಂದರು. ಈ ಸ್ಥಿತಿಯಲ್ಲಿ ಸ್ಕ್ಯಾನಿಂಗ್ ಕೋಣೆಗೆ ಹೋದರೆ ವಾಪಸು ಬರುವುದು ಹೆಣವೇ. ಸಿಸ್ಟರ್ ಬಾಯಿ ತೆರೆಯುವ ಮೊದಲೇ ಕಾಲ್ದೆಸೆಯಿಂದ ಮಾತು ಬಂತು.

“ಇನ್ನೂ ಫೋಟೋ ತೆಗೀತಾ ಕೂರ್ತೀರಾ?”

ದನಿ ಒಡೆದಿತ್ತು. ಸಿಟ್ಟಿಗೆ ಎಂದುಕೊಂಡರು ಸಿಸ್ಟರ್. ಸ್ಕ್ಯಾನ್ ರದ್ದಾಯಿತು, ಸ್ಟ್ರೆಚರ್ ಥಿಯೇಟರಿನತ್ತ ತಿರುಗಿತು.

ವರಾಂಡವೆಲ್ಲ ಹುಡುಕಿ ಬಂದ ಆಯಾ, ಸಹಿ ಹಾಕಲು ಮನೆಯವರು ಯಾರೂ ಹೊರಗಿಲ್ಲ ಎಂದು ಸಿಸ್ಟರ್ ಕಿವಿಯಲ್ಲಿ ಹೇಳಿದಳು. ಸಿಸ್ಟರ್ ಚೀಫ್‌ನತ್ತ ತಿರುಗಿ, ಆಪರೇಷನ್‌ಗೆ ನಿಮ್ಮ ಒಪ್ಪಿಗೆ ಇದೆಯಾ ಎಂದು ಕೇಳಿದರು.

“ಇದೆ. ಏನ್ಬೇಕಾದ್ರೂ ಮಾಡಿ, ಬೇಗ ಮಾಡಿ.”

ಹಳೆಯ ಚೀಫ್ ಆಗಿದ್ದರೆ ಆಡಳಿತದವರಿಗೆಲ್ಲ ಫೋನು ಮಾಡಿ ಮುಗಿಸುವಷ್ಟರಲ್ಲಿ ರೋಗಿಯೇ ಮುಗಿದಿರುತ್ತಿದ್ದರು. ಈ ಮನುಷ್ಯನಿಗೆ ಎದೆಗಾರಿಕೆ ಇದೆ ಎಂದು ಸಿಸ್ಟರ್ ಒಲ್ಲದ ಮನಸ್ಸಿನಿಂದ ಒಪ್ಪಿಕೊಂಡರು.

ಥಿಯೇಟರಿನಲ್ಲಿ ಕೈ ಸಾಲದೆ ಸಿಸ್ಟರ್ ಕೂಡ ಒಳಗೇ ಉಳಿದರು. ಚೂರಾಗಿದ್ದ ಸ್ಪ್ಲೀನ್ ತೆಗೆದರು, ಲಿವರಿನ ಸುತ್ತ ಬಟ್ಟೆಯ ಪ್ಯಾಡುಗಳನ್ನು ಒತ್ತಿ ತುಂಬಿದರು. ರಕ್ತ ನಿಂತಿತು. ಸಿಸ್ಟರ್‌ಗೆ ಹೋದ ಜೀವ ಬಂದಂತಾಯಿತು. ಆದರೆ ಸರ್ಜನ್, ಹರಿದ ಕರುಳನ್ನೂ ಈಗಲೇ ಚೆಂದವಾಗಿ ಹೊಲಿದುಬಿಡುವ ಹುಮ್ಮಸ್ಸಿನಲ್ಲಿ ಸೂಜಿ ಕೇಳಿದರು.

ಬಾಗಿಲು ಬೆರಳಗಲ ತೆರೆಯಿತು. ಹೊರಗಿನಿಂದ ಅದೇ ಒಡೆದ ದನಿ. “ಇನ್ನೂ ಆಗ್ಲಿಲ್ವಾ?”

ಸರ್ಜನ್ ಸೂಜಿ ಕೆಳಗಿಟ್ಟರು. ಇಷ್ಟು ರಕ್ತ ಹೋದ ಮೈ ಉದ್ದನೆಯ ಆಪರೇಷನ್ ತಾಳುವುದಿಲ್ಲ, ಓದಿದ್ದು ಈಗ ನೆನಪಾಯಿತು. ಕರುಳಿನ ತುದಿಗಳನ್ನು ಕಟ್ಟಿ, ಹೊಟ್ಟೆಯನ್ನು ತಾತ್ಕಾಲಿಕವಾಗಿ ಮುಚ್ಚಿ, ಉಳಿದದ್ದು ನಾಳೆ ಎಂದು ಐಸಿಯುಗೆ ಕಳಿಸಿದರು.

ಹೊರಗೆ ಆ ಮನುಷ್ಯ ಗೋಡೆಗೆ ಒರಗಿ ನಿಂತಿದ್ದರು. ಕೈ ಇನ್ನೂ ಕಟ್ಟಿಯೇ ಇತ್ತು, ಬೆರಳುಗಳನ್ನು ಕಂಕುಳಲ್ಲಿ ಬಲವಾಗಿ ಅದುಮಿಕೊಂಡಿದ್ದರು. ಸರ್ಜನ್ ತಲೆ ತಗ್ಗಿಸಿ, ಇವತ್ತು ಕಲಿತಷ್ಟು ಎಂದೂ ಕಲಿತಿರಲಿಲ್ಲ ಎಂದರು. ಸಿಸ್ಟರ್ ಪದ್ಧತಿಯಂತೆ ವರದಿ ಒಪ್ಪಿಸಿದರು.

“ಸ್ಪ್ಲೀನ್ ತೆಗೆದಾಯ್ತು, ಲಿವರ್ ಪ್ಯಾಕ್ ಮಾಡಿದೀವಿ, ಲ್ಯಾಕ್ಟೇಟ್ ಇಳೀತಿದೆ. ಮುಂದೇನು ಹೇಳಿ ಸರ್.”

ಅವರು ಮಾಸ್ಕು ಕೆಳಗೆಳೆದರು. ಮುಖವೆಲ್ಲ ಒದ್ದೆಯಾಗಿತ್ತು.

“ನಂಗದೆಲ್ಲ ಗೊತ್ತಾಗಲ್ಲ ಸಿಸ್ಟರ್. ಆಗ್ಲಿಂದ ಕೇಳ್ತಾನೇ ಇದೀನಿ, ಒಬ್ರೂ ಉತ್ತರ ಕೊಡ್ತಿಲ್ಲ. ನನ್ನ ಹೆಂಡ್ತಿ ಉಳ್ಕೊಳ್ತಾಳಾ?”