ಋತುರಾಜನ ಸೀಟು

ಮೊಬೈಲಿಗೆ ಬಂದ ಗುಪ್ತ ಸಂಖ್ಯೆಯನ್ನು ಉಜ್ವಲಾ ತಾನೇ ಬಾಯಾರೆ ಓದಿ ಹೇಳಿದ್ದಳು. ಅದೇ ಅವಳನ್ನು ಸುಡುತ್ತಿತ್ತು.

ಬೆಳಿಗ್ಗೆ ಅವಳು ರೊಟ್ಟಿ ಬಡಿಯುತ್ತಿದ್ದಾಗ ಮಲ್ಹಾರ ಒಳಗಿನಿಂದ ಕೂಗಿದ್ದ. "ಕಾಕು, ನಿನ್ನ ಫೋನಿಗೊಂದು ನಂಬರ್ ಬಂದದ. ಸ್ವಲ್ಪ ಓದು." ಹಿಟ್ಟಿನ ಕೈಯನ್ನು ಸೆರಗಿಗೆ ಒರೆಸಿಕೊಂಡು ಓದಿದ್ದಳು. ಅವಳ ಮಗ ಋತುರಾಜನ ಕಾಲೇಜು ಪ್ರವೇಶದ ಕೆಲಸವೆಲ್ಲ ಮಲ್ಹಾರನದೇ. ಕಾಲೇಜುಗಳ ಆಯ್ಕೆ ತುಂಬಿದವನೂ ಅವನೇ. ಅನುಮಾನಪಡಲು ಏನಿತ್ತು?

ಹಂಚಿನ ಮೇಲಿನ ರೊಟ್ಟಿ ಬೇಯುವಷ್ಟರಲ್ಲಿ ಎಲ್ಲ ಮುಗಿದಿತ್ತು. ಪುಣೆಯ ದೊಡ್ಡ ಎಂಜಿನಿಯರಿಂಗ್ ಕಾಲೇಜಿನಲ್ಲಿ ಋತುರಾಜನಿಗೆ ಸಿಕ್ಕಿದ್ದ ಕಂಪ್ಯೂಟರ್ ಸೀಟನ್ನು ಮಲ್ಹಾರ ಆ ಸಂಖ್ಯೆ ಹಾಕಿ ಬಿಟ್ಟುಕೊಟ್ಟಿದ್ದ.

ಸಹಾಯವಾಣಿಯ ಹುಡುಗಿ ಮೆತ್ತಗೆ ಹೇಳಿದಳು. "ಬಿಟ್ಟ ಸೀಟು ಮತ್ತ ಸಿಗೂದಿಲ್ರಿ ತಾಯಿ. ಮುಂದಿನ ಸುತ್ತಿನಾಗ ಬ್ಯಾರೆಯವರಿಗೆ ಹೋಗ್ತದ."

ಮಲ್ಹಾರ ಅವಳ ಮೈದುನನ ಮಗ. ಅಪ್ಪ ಅಮ್ಮ ಇಬ್ಬರೂ ಅಪಘಾತದಲ್ಲಿ ಹೋದ ಮೇಲೆ ಲಾತೂರಿನ ಈ ಮನೆಗೆ ಬಂದವನು. ಇಬ್ಬರು ಹುಡುಗರನ್ನೂ ಒಂದೇ ತಟ್ಟೆಯಲ್ಲಿ ಉಣಿಸಿ ಬೆಳೆಸಿದ್ದಳು. ಬಿರಾಜದಾರ ಮನೆತನದ ಅದೇ ಮೂಗು, ಅದೇ ನಡಿಗೆ. ಓಣಿಯವರು ಇವನನ್ನು ಅವನ ಹೆಸರಿನಿಂದ, ಅವನನ್ನು ಇವನ ಹೆಸರಿನಿಂದ ಕರೆದು ನಗುತ್ತಿದ್ದರು. ಓದಿನಲ್ಲಿ ಮಾತ್ರ ಹೋಲಿಕೆಯಿರಲಿಲ್ಲ. ಕೋಚಿಂಗಿನ ಪ್ರತಿ ಟೆಸ್ಟಿನಲ್ಲೂ ಮಲ್ಹಾರ ಮುಂದೆ, ಋತುರಾಜ ಎಲ್ಲೋ ಹಿಂದೆ.

ಆದರೆ ಪ್ರವೇಶ ಪರೀಕ್ಷೆಯ ದಿನ ಹಣೆಬರಹ ತಿರುಗಿತ್ತು. ಇಬ್ಬರಿಗೂ ನಾಂದೇಡದಲ್ಲಿ, ಒಂದೇ ಹೊತ್ತಿಗೆ ಪರೀಕ್ಷೆ. ಗಂಡ ದಿನಕರ ತಾನೇ ಕಾರಿನಲ್ಲಿ ಕರೆದುಕೊಂಡು ಹೋಗಿದ್ದ. ಮಧ್ಯಾಹ್ನ ಫೋನ್ ಮಾಡಿದ. ದಾರಿಯಲ್ಲಿ ಮಲ್ಹಾರನಿಗೆ ವಾಂತಿ ಹತ್ತಿತಂತೆ, ಎದ್ದು ನಿಲ್ಲಲಾರದೆ ಹಿಂದಿನ ಸೀಟಿನಲ್ಲೇ ಮಲಗಿಬಿಟ್ಟನಂತೆ. ಋತುರಾಜ ಒಬ್ಬನೇ ಬರೆದು ಬಂದ. ಬರೆದಿದ್ದು ಎಂಥ ಬರಹ! ಫಲಿತಾಂಶ ಬಂದಾಗ ಕೋಚಿಂಗಿನವರು ಔಸಾ ರಸ್ತೆಯಲ್ಲಿ ಅವನ ಫೋಟೊ ಹಾಕಿಸಿದರು. ಮಲ್ಹಾರ ಜೊತೆಗೆ ಕೂತು ಕಲಿಸಿದ್ದು ಸಾರ್ಥಕವಾಯಿತು ಎಂದು ಉಜ್ವಲಾ ಅವನ ಬಾಯಿಗೂ ಪೇಡೆ ಇಟ್ಟಿದ್ದಳು. ಅವನು ಅಗಿಯದೆ ನುಂಗಿದ್ದ.

ಇನ್ನೊಂದು ವರ್ಷ ಓದಿಸುತ್ತೇನೆ ಎಂದು ದಿನಕರ ಅವನಿಗೆ ಮಾತು ಕೊಟ್ಟಿದ್ದ. ಹೋದ ವಾರ ಊಟಕ್ಕೆ ಕೂತಾಗ ಆ ಮಾತು ಬದಲಾಯಿತು. "ಅಂಗಡ್ಯಾಗ ಕೂಡು. ಎಲ್ಲಾರೂ ಎಂಜಿನಿಯರ್ ಆದ್ರ ಟೈಲ್ಸ್ ಮಾರಾವ್ರು ಯಾರಲೇ?" ಉಜ್ವಲಾ ಕೂಡ ನಕ್ಕಿದ್ದಳು.

ಆ ಸಿಟ್ಟು ಹೀಗೆ ತೀರಿಸಿಕೊಂಡನೆ?

"ನೀನೇ ಬಿಟ್ಟ್ಯಾ?" ಪಡಸಾಲೆಯಲ್ಲಿ ಅವನನ್ನು ನಿಲ್ಲಿಸಿ ಕೇಳಿದಳು.

"ಹೌದು ಕಾಕು. ನಾನೇ ಬಿಟ್ಟೆ."

"ಆ ಸೀಟಿಗೆ ಎಷ್ಟು ಕಷ್ಟ ಬಿದ್ದದ ಅಂತ ಗೊತ್ತೇನು ನಿನಗ?"

"ನನಗ ಗೊತ್ತಿಲ್ಲದ ಇನ್ಯಾರಿಗೆ ಗೊತ್ತಿರ್ತದ?"

ಅವಳ ಕೈ ಅವನ ಕೆನ್ನೆಗೆ ಬಿತ್ತು. ಜೀವಮಾನದಲ್ಲಿ ಮೊದಲ ಸಲ. ಅವನು ಕೆನ್ನೆ ಮುಟ್ಟಿಕೊಳ್ಳಲೂ ಇಲ್ಲ. ದಿನಕರನತ್ತ ನೋಡಿದ. ದಿನಕರ ಕಿಟಕಿಯತ್ತ ನೋಡಿದ.

"ಹೋಗ್ಲಿ ಬಿಡು ಆಯಿ," ಎಂದ ಋತುರಾಜ, ತಲೆ ಎತ್ತದೆ. ಮಗನ ದೊಡ್ಡ ಮನಸ್ಸು ಕಂಡು ಅವಳ ಸಿಟ್ಟು ಇನ್ನಷ್ಟು ಏರಿತು.

"ಈ ಮನಿ ಅನ್ನ ತಿಂದು ಇದೇ ಮನಿಗೆ ಮೋಸ ಮಾಡಿದಿ. ನಡಿ ಹೊರಗ."

ಮಲ್ಹಾರ ಚೀಲ ಮೊದಲೇ ಕಟ್ಟಿಟ್ಟಿದ್ದ. ಹೊರಡುವಾಗ ಬಗ್ಗಿ ಅವಳ ಕಾಲು ಮುಟ್ಟಿದ. ಅವಳು ಕಾಲು ಹಿಂದೆಳೆದುಕೊಂಡಳು.

"ನಿನ್ನ ಬಾಯಿಂದ ಆ ನಂಬರ್ ಹೇಳಿಸ್ಕೊಂಡೆ ಕಾಕು. ಅದು ಮೋಸ. ಅದಕ್ಕಷ್ಟ ಮಾಫಿ ಕೇಳ್ತೀನಿ. ಬ್ಯಾರೆ ಯಾವುದಕ್ಕೂ ಕೇಳೂದಿಲ್ಲ."

ಎಂಥ ಸೊಕ್ಕು! ಅವನು ಓಣಿಯ ತಿರುವು ದಾಟಿದ್ದನ್ನು ನೋಡಿದ ಮೇಲೆ ಅವಳಿಗೆ ಅಳು ಬಂತು. ಅಳು ಮುಗಿಯುವ ಮೊದಲೇ ಚಪ್ಪಲಿ ಮೆಟ್ಟಿದಳು.

"ಎಲ್ಲಿಗೆ?" ದಿನಕರ ಬಾಗಿಲಿಗೆ ಬಂದ.

"ಪೊಲೀಸ್ ಠಾಣೆಗೆ. ಅಂವ ಇನ್ನೂ ಊರು ಬಿಟ್ಟಿರೂದಿಲ್ಲ."

"ಮನಿ ಮಾತು ಮನ್ಯಾಗ ಇರ್ಲಿ, ಉಜ್ವಲಾ."

"ಸತ್ತ ತಮ್ಮನ ಮಗ ಅಂತ ನೀವು ಸುಮ್ಮ ಕೂಡ್ರಿ. ನನ್ನ ಹೊಟ್ಟ್ಯಾಗ ಹುಟ್ಟಿದಾಂವ ಹಾಳಾಗ್ಯಾನ. ನಾ ಸುಮ್ಮ ಕೂಡೂದಿಲ್ಲ."

ಅವನು ರೆಟ್ಟೆ ಹಿಡಿದ. ಕೊಡವಿಕೊಂಡು ಅವಳು ಬೀದಿಗಿಳಿದಳು, ಆಟೋ ನಿಲ್ಲಿಸಿದಳು, ಹತ್ತಿ ಕೂತಳು. ಠಾಣೆಯ ಹೆಸರು ಹೇಳುವಷ್ಟರಲ್ಲಿ ಋತುರಾಜ ಬರಿಗಾಲಲ್ಲೇ ಓಡಿಬಂದು ಆಟೋದ ಸರಳು ಹಿಡಿದ. ಮುಖ ಸುಣ್ಣದಂತಾಗಿತ್ತು.

"ಆಯಿ, ಇಳಿ. ಠಾಣೆಗೆ ಹೋದ್ರ ಅವರು ಹಿಡಿಯೂದು ಅವನೊಬ್ಬನ್ನ ಅಲ್ಲ."

"ಏನು ಹಂಗಂದ್ರ?"

"ಋತ್ಯಾ!" ಬಾಗಿಲಲ್ಲಿ ದಿನಕರ ಕಿರುಚಿದ. "ಬಾಯಿ ಮುಚ್ಚು!"

ಋತುರಾಜ ಅಪ್ಪನತ್ತ ತಿರುಗಲಿಲ್ಲ. "ಕಾರಿನಾಗ ವಾಂತಿ ಮಾಡ್ಕೋತ ಬಿದ್ದಿದ್ದಾಂವ ನಾನು, ಆಯಿ. ಪಪ್ಪಾ ಪರೀಕ್ಷೆ ಗೇಟಿನ ಮುಂದ ಮಲ್ಹಾರನ ಕಾಲು ಹಿಡಕೊಂಡ್ರು. ಅಂವ ತನ್ನ ಪರೀಕ್ಷೆ ಬಿಟ್ಟು, ನನ್ನ ಹೆಸರಿನಾಗ ಒಳಗ ಹೋಗಿ ಬರದ."